‘ಸವಾಲು’: ಪ್ರಶ್ನೆ ಎಂಬ ಅರ್ಥ ನಿಮ್ಮ ಕಡೆ ಉಳಿದಿದೆಯೇ?

ಪದಪ್ರಿಯರೆಲ್ಲರಿಗೂ ಗದಗಿನಿಂದ ನಮಸ್ಕಾರ.

ಕಳೆದ ನವೆಂಬರಿನಲ್ಲಿ ನಮ್ಮ ಓಣಿಯವರು ಸೇರಿ ರಾಜ್ಯೋತ್ಸವದ ರಸಪ್ರಶ್ನೆ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಹೀಗಾಗಿ ಪ್ರಶ್ನೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಕುಮಾರವ್ಯಾಸ ಭಾರತದ ಎಷ್ಟು ಪರ್ವಗಳನ್ನು ಬರೆದ ಎಂದು ಕೇಳಿದೆ. ವೀರನಾರಾಯಣನ ಗುಡಿ ಅಲ್ಲಿಂದ ನಾಲ್ಕು ಹೆಜ್ಜೆ. ಆದರೂ ಮೂರು ತಂಡಗಳು ಒಂದರ ಹಿಂದೊಂದು ‘ಹದಿನೆಂಟು’ ಎಂದವು. ಹತ್ತೇ ಪರ್ವ, ಗದಾಪರ್ವಕ್ಕೆ ಅವನ ಕಾವ್ಯ ನಿಲ್ಲುತ್ತದೆ, ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದ ಎಂದು ನಾನು ವಿವರಿಸುತ್ತಿರುವಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು.

“ಅಕ್ಕಾವರೇ, ಸವಾಲು ಬಹಳ ಚಲೋ ಇದೆ. ಇಂಥದ್ದೇ ಇನ್ನೊಂದು ಹಾಕಿರಿ” ಎಂದರು.

ಮುಂದೆ ಕುಳಿತಿದ್ದ ಕಾಲೇಜು ಹುಡುಗ ಮರ್ಯಾದೆಯಿಂದಲೇ ತಿರುಗಿ, “ಅಜ್ಜಾ, ಇದು ಸವಾಲಲ್ಲ, ಪ್ರಶ್ನೆ” ಎಂದ.

“ಎರಡೂ ಒಂದೇ ಅಲ್ಲವೇ ತಮ್ಮಾ?” ಎಂದು ಅವರು ಕೇಳಿದರು. ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ. ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಹುಡುಗನ ಕಿವಿಗೆ ಬಿದ್ದ ‘ಸವಾಲು’ ಪತ್ರಿಕೆಯದು. ಸರ್ಕಾರದ ಮುಂದಿರುವ ಸವಾಲುಗಳು, ಸವಾಲಿನ ಪಂದ್ಯ, ಸವಾಲನ್ನು ಮೆಟ್ಟಿ ನಿಂತ ಯುವತಿ. ಇಲ್ಲೆಲ್ಲ ಸವಾಲು ಎಂದರೆ ಎದುರಿಗೆ ಬಂದು ನಿಂತ ಕಷ್ಟ, ಇಲ್ಲವೇ ಪಂಥಕ್ಕೆ ಕರೆಯುವ ಕರೆ. ಆ ಅರ್ಥ ತಪ್ಪೆಂದು ನಾನು ಹೇಳುವುದಿಲ್ಲ. ಬೇರೂರಿದ ಅರ್ಥ ಅದು. ಆದರೆ ಹಿರಿಯರ ಸವಾಲು ಅದಕ್ಕಿಂತ ಹಳೆಯದು. ಅರಬ್ಬಿಯ ‘ಸುಆಲ್’ ಎಂದರೆ ಬರೀ ಪ್ರಶ್ನೆ. ಪಾರಸಿಯ ಮೂಲಕ ಹಿಂದೂಸ್ತಾನಿಗೆ, ಮರಾಠಿಗೆ ಬಂದಾಗಲೂ ಅದು ಪ್ರಶ್ನೆಯಾಗಿಯೇ ಉಳಿಯಿತು. ಇಂದಿಗೂ ಹಿಂದಿಯಲ್ಲಿ ಸವಾಲ್ ಎಂದರೆ ಪ್ರಶ್ನೆ, ಮರಾಠಿಯಲ್ಲಿಯೂ ಪ್ರಶ್ನೆ. ತಮಿಳಿಗೆ ಹೋಗಿ ನೋಡಿದರೆ ಅದೇ ‘ಸವಾಲ್’ ಪಂಥಾಹ್ವಾನ. ತೆಲುಗಿನ ‘ಸವಾಲು’ ಕೂಡ ಹಾಗೆಯೇ. ಒಂದೇ ಪದ ಉತ್ತರದಲ್ಲಿ ಕೇಳುತ್ತದೆ, ದಕ್ಷಿಣದಲ್ಲಿ ಕೆಣಕುತ್ತದೆ. ಇವೆರಡರ ನಡುವಿನ ಗಡಿ ಎಲ್ಲಿಯಾದರೂ ಹಾದುಹೋಗಲೇಬೇಕಲ್ಲ? ನಮ್ಮ ಗದಗ, ಹುಬ್ಬಳ್ಳಿ, ಹಾವೇರಿಗಳ ಮೇಲೆಯೇ ಹಾದುಹೋಗಿದೆ ಎಂಬುದು ನನ್ನ ಅನಿಸಿಕೆ. ಅಂದು ಒಂದೇ ಮಂಟಪದಲ್ಲಿ ಅಜ್ಜ ಗಡಿಯ ಆಚೆ, ಹುಡುಗ ಈಚೆ ನಿಂತಿದ್ದರು.

ಹುಬ್ಬಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಮನೆಮಾತು ಉರ್ದು, ಓದು ಬರಹವೆಲ್ಲ ಕನ್ನಡ. ಇದನ್ನು ಹೇಳಿದಾಗ ಅವಳಿಗೆ ಅಚ್ಚರಿಯೇ ಆಗಲಿಲ್ಲ. ಅಡುಗೆಮನೆಯಲ್ಲಿ ಸವಾಲ್ ಎಂದರೆ ಪ್ರಶ್ನೆ, ಪಡಸಾಲೆಯಲ್ಲಿ ಪತ್ರಿಕೆ ಬಿಚ್ಚಿದರೆ ಅದೇ ಸವಾಲು ಬೇರೆ ಎಂಬುದು ತನಗೆ ಎಂಟನೆಯ ವಯಸ್ಸಿಗೇ ತಿಳಿದಿತ್ತು ಎಂದಳು.

ಹಾಗಾದರೆ ಅಚ್ಚಗನ್ನಡದ ಬಳಕೆಯಲ್ಲಿ ಪ್ರಶ್ನೆ ಎಂಬ ಅರ್ಥ ಪೂರ್ತಿ ಅಳಿಸಿಹೋಗಿದೆಯೇ? ಇಲ್ಲ. ಕೋರ್ಟಿನಲ್ಲಿ ಅದು ಗಟ್ಟಿಯಾಗಿ ಕುಳಿತಿದೆ. ಸಾಕ್ಷಿಯನ್ನು ಎದುರು ಪಕ್ಷದ ವಕೀಲರು ಕೆದಕಿ ಕೆದಕಿ ಕೇಳುವುದನ್ನು ರಾಜ್ಯದ ಎಲ್ಲ ಪತ್ರಿಕೆಗಳೂ ‘ಪಾಟೀಸವಾಲು’ ಎಂದೇ ಬರೆಯುತ್ತವೆ. ಅಲ್ಲಿ ಸವಾಲು ಎಂದರೆ ಪ್ರಶ್ನೆಯೇ. ಪಂಥಾಹ್ವಾನವೆಂದು ಯಾರೂ ಓದುವುದಿಲ್ಲ. ಒಂದೇ ಪುಟದಲ್ಲಿ ಮೇಲೆ ‘ಸವಾಲು’, ಕೆಳಗೆ ‘ಪಾಟೀಸವಾಲು’ ಎಂದು ಅಚ್ಚಾದರೂ ಎರಡೂ ಒಂದೇ ಪದವೆಂದು ನಮಗೆ ಹೊಳೆಯುವುದಿಲ್ಲ.

ಇದರ ಜೋಡಿ ಪದ ‘ಜವಾಬು’. ಅದೂ ಅರಬ್ಬಿಯದೇ, ಉತ್ತರ ಎಂದು ಅರ್ಥ. ಅದರ ಪಾಡನ್ನು ನೋಡಿ. ಬಿಡಿಯಾಗಿ ‘ಜವಾಬು ಕೊಡು’ ಎನ್ನುವವರು ನಮ್ಮ ಕಡೆ ಇನ್ನೂ ಇದ್ದಾರೆ, ಆದರೆ ನಾಡಿಗೆಲ್ಲ ಪರಿಚಯವಿರುವುದು ‘ಜವಾಬ್ದಾರಿ’. ಜವಾಬ್ದಾರ ಎಂದರೆ ಕೇಳಿದರೆ ಉತ್ತರ ಕೊಡಬೇಕಾದವನು. ದಿನಕ್ಕೆ ಹತ್ತು ಸಲ ಆ ಮಾತು ಆಡಿದರೂ ಒಳಗಿರುವ ‘ಉತ್ತರ’ ನಮ್ಮ ಕಿವಿಗೆ ಬೀಳುವುದಿಲ್ಲ. ಪ್ರಶ್ನೆಯಾಗಿದ್ದದ್ದು ಪಂಥವಾಯಿತು, ಉತ್ತರವಾಗಿದ್ದದ್ದು ಹೊಣೆಯಾಯಿತು. ಅಕ್ಕತಂಗಿಯರಂತೆ ಒಟ್ಟಿಗೆ ಬಂದ ಎರಡು ಪದಗಳು ಬೇರೆ ಬೇರೆ ಮನೆ ಸೇರಿದ್ದನ್ನು ಕಂಡು ನನಗೆ ನಿಜವಾಗಿಯೂ ಮನಸ್ಸು ತುಂಬಿ ಬಂತು.

ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿಗೆ ಸೇರಿತ್ತು. ಗದಗ, ಹಾವೇರಿ ಎರಡೂ ಆಗ ಅದರೊಳಗೇ ಇದ್ದವು. ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಕಚೇರಿ, ಕೋರ್ಟು, ಪೇಟೆಗಳಲ್ಲಿ ಮರಾಠಿಯ ಒಡನಾಟ ದಟ್ಟವಾಗಿತ್ತು. ಆದ್ದರಿಂದ ಸವಾಲು ಇಲ್ಲಿ ಹಳೆಯ ಅರ್ಥದಲ್ಲಿ ಹೆಚ್ಚು ಕಾಲ ಬಾಳಿತು ಎನ್ನಬಹುದು. ಆದರೆ ಕಚೇರಿಯೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಆ ಹಿರಿಯರನ್ನು ಕಾರ್ಯಕ್ರಮ ಮುಗಿದ ಮೇಲೆ ಮಾತನಾಡಿಸಿದೆ. ಅವರು ಕಚೇರಿಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಅವರು ಸವಾಲು ಕಲಿತದ್ದು ಹಾಡಿಕೆಯ ಅಟ್ಟದ ಮುಂದೆ ಕುಳಿತು.

ಹರದೇಶಿ–ನಾಗೇಶಿ ಹಾಡಿಕೆಯನ್ನು ದಕ್ಷಿಣದ ಗೆಳೆಯರೆಲ್ಲ ಕೇಳಿರಲಿಕ್ಕಿಲ್ಲ, ಅದಕ್ಕಾಗಿ ಎರಡು ಮಾತು. ಜಾತ್ರೆಯ ರಾತ್ರಿ ಎರಡು ಮೇಳಗಳು ಎದುರುಬದುರಾಗುತ್ತವೆ. ಹರದೇಶಿಯವರು ಗಂಡು ಹೆಚ್ಚೆಂದು, ಶಿವನೇ ಮೊದಲೆಂದು ಹಾಡುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚೆಂದು, ಶಕ್ತಿಯೇ ಮೊದಲೆಂದು ಹಾಡುತ್ತಾರೆ. ದಪ್ಪು, ತುಂತುಣಿ, ತಾಳ, ಹಿಂದೆ ‘ಗೀ ಗೀ’ ಎಂಬ ಸೊಲ್ಲು. ಒಂದು ಮೇಳ ಹಾಡಿನ ಕೊನೆಗೆ ಪುರಾಣದ ಯಾವುದೋ ಸಂದಿಯಿಂದ ಒಂದು ಪ್ರಶ್ನೆ ಎತ್ತಿ ಎದುರು ಮೇಳಕ್ಕೆ ಎಸೆಯುತ್ತದೆ. ಯಾರ ಮಗ ಯಾರು, ಯಾವ ಶಾಪ ಯಾರಿಗೆ ತಗುಲಿತು, ಯಾವ ಯುಗದಲ್ಲಿ ಏನು ನಡೆಯಿತು. ಅದು ಸವಾಲ್. ಎದುರು ಮೇಳ ಹಾಡಿನಲ್ಲಿಯೇ ಕಟ್ಟಿಕೊಡುವ ಉತ್ತರ ಜವಾಬ್. ಬೆಳಗಿನ ಜಾವದವರೆಗೂ ನಡೆಯುತ್ತದೆ. ತೀರ್ಪು ಕೊಡುವುದು ಕುಳಿತ ಜನ.

ನಾನು ಚಿಕ್ಕವಳಿದ್ದಾಗ ಆಯಿಯ ಮಡಿಲಲ್ಲಿ ಕುಳಿತು ಅರ್ಧ ನಿದ್ದೆಯಲ್ಲಿ ಇದನ್ನು ಕೇಳಿದ್ದೇನೆ. ಜವಾಬು ತಡವಾದರೆ ಜನರ ನಡುವೆ ಎಂಥ ಮೌನ ಇಳಿಯುತ್ತಿತ್ತು ಎಂಬುದು ಇನ್ನೂ ನೆನಪಿದೆ. ಸೋತ ಮೇಳದ ಹೆಣ್ಣುಮಗಳೊಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡದ್ದೂ ನೆನಪಿದೆ.

ಈಗ ಅರ್ಥದ ಸೂಕ್ಷ್ಮಕ್ಕೆ ಬರುತ್ತೇನೆ. ‘ಪ್ರಶ್ನೆ’ಯನ್ನು ತಿಳಿಯದವನೂ ಕೇಳಬಹುದು, ಬಹುಮಟ್ಟಿಗೆ ಕೇಳುವವನೇ ಅವನು. ‘ಸವಾಲು’ ಹಾಗಲ್ಲ, ಕೇಳುವವನಿಗೆ ಉತ್ತರ ಮೊದಲೇ ಗೊತ್ತಿರಬೇಕು. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೂ ಉತ್ತರ ಗೊತ್ತಿದ್ದವರೇ ಕೇಳುತ್ತಾರೆ ಎನ್ನಬಹುದು. ಆದರೆ ಅಲ್ಲಿ ನೋಡುವ ಜನ ಇರುವುದಿಲ್ಲ. ಸವಾಲಿಗೆ ಸುತ್ತ ನಾಲ್ಕು ಜನ ಬೇಕು, ಅವರೂ ಒಳಗೊಳಗೇ ಉತ್ತರ ಹುಡುಕುತ್ತಿರಬೇಕು, ಉತ್ತರ ಬಂದಾಗ ಅವರಿಗೂ ಸಂತೋಷವಾಗಬೇಕು. ಮೂರನ್ನೂ ಸೇರಿಸಿ ನೋಡಿ: ಬಲ್ಲವನು ಕೇಳುವುದು, ಜನರ ಎದುರು ಕೇಳುವುದು, ಸಂತೋಷಕ್ಕಾಗಿ ಕೇಳುವುದು. ನಾವು ಇಂದು ‘ಕ್ವಿಜ್’ ಎನ್ನುವುದು ಇದನ್ನೇ ಅಲ್ಲವೇ? ‘ಸವಾಲು ಹಾಕು’ ಎಂಬ ನುಡಿಗಟ್ಟಿಗೆ ಪಂಥದ ಬಣ್ಣ ಹತ್ತಿದ್ದು ಇಂಥ ಅಟ್ಟಗಳ ಮೇಲೆಯೇ ಇರಬೇಕು ಎಂಬುದು ನನ್ನ ಊಹೆ. ಎದುರಾಳಿಗೆ ಪ್ರಶ್ನೆ ಹಾಕುವುದೇ ಅವನನ್ನು ಕೆಣಕಿದಂತೆ; ಕಾಲ ಕಳೆದಂತೆ ಪ್ರಶ್ನೆ ಕರಗಿ ಕೆಣಕು ಮಾತ್ರ ಉಳಿದಿರಬಹುದು.

‘ರಸಪ್ರಶ್ನೆ’ಯ ಬಗ್ಗೆ ನನಗೆ ಮುನಿಸಿಲ್ಲ. ಸೊಗಸಾದ ಪದ. ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ಪುಸ್ತಕಗಳನ್ನೇ ಬಹುಮಾನವಾಗಿ ಕೊಟ್ಟು ಈ ಪದವನ್ನೂ ಮನೆಮನೆಗೆ ತಲುಪಿಸಿತು. ರಸನಿಮಿಷ, ರಸಸಂಜೆ ಎಂಬಲ್ಲಿಯ ರಸವೇ ಇಲ್ಲಿಯೂ ಇರುವುದು. (ರಸಗೊಬ್ಬರದ ರಸ ಬೇರೆ, ಅದು ರಸಾಯನದಿಂದ ಬಂದದ್ದು, ಏಳನೆಯ ತರಗತಿಯ ಹುಡುಗಿಯೊಬ್ಬಳು ಎರಡೂ ಒಂದೇನಾ ಎಂದು ಕೇಳಿದ್ದಳು, ಒಳ್ಳೆಯ ಪ್ರಶ್ನೆ.) ನನ್ನ ತೊಡಕು ಇಷ್ಟೇ: ರಸಪ್ರಶ್ನೆ ಎಂಬುದು ಇಡೀ ಕಾರ್ಯಕ್ರಮದ ಹೆಸರಾಗಿದೆ. ಅದರೊಳಗೆ ಕೇಳುವ ಒಂದೊಂದು ಬಿಡಿ ಪ್ರಶ್ನೆಗೆ ಅದು ಹೊಂದುವುದಿಲ್ಲ. ‘ಮೂರನೆಯ ರಸಪ್ರಶ್ನೆ’ ಎಂದು ಯಾರೂ ಹೇಳುವುದಿಲ್ಲ. ‘ಮೂರನೆಯ ಸವಾಲು’ ಎಂದರೆ ನಾಲಿಗೆಗೆ ಸಲೀಸು.

ಇಂಗ್ಲಿಷಿನ ಪದಗಳಲ್ಲಿಯೂ ತೊಡಕಿಲ್ಲದೆ ಇಲ್ಲ. ಡಬ್ಲಿನ್ನಿನ ನಾಟಕ ಕಂಪನಿಯ ಮಾಲೀಕನೊಬ್ಬ ಪಂಥ ಕಟ್ಟಿ, ಒಂದೇ ರಾತ್ರಿಯಲ್ಲಿ ಊರ ಗೋಡೆಗಳ ಮೇಲೆಲ್ಲ ‘ಕ್ವಿಜ್’ ಎಂಬ ಅರ್ಥವಿಲ್ಲದ ಪದ ಬರೆಯಿಸಿದ ಎಂಬ ಕಥೆಯನ್ನು ರಸಪ್ರಶ್ನೆಯ ವೇದಿಕೆಗಳಲ್ಲಿ ಈಗಲೂ ಹೇಳುತ್ತಾರೆ. ಕಥೆಗೆ ಕೊಡುವ ವರ್ಷ ಸಾಮಾನ್ಯವಾಗಿ 1791. ಆದರೆ 1780ರ ದಶಕದ ಆರಂಭಕ್ಕೇ ಆ ಪದ ‘ವಿಚಿತ್ರ ಸ್ವಭಾವದ ಮನುಷ್ಯ’ ಎಂಬ ಅರ್ಥದಲ್ಲಿ ಬಳಕೆಯಲ್ಲಿತ್ತು. ಮೌಖಿಕ ಪರೀಕ್ಷೆ ಎಂಬ ಅರ್ಥ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆದ್ದರಿಂದ ಆ ಕಥೆಯನ್ನು ದಯವಿಟ್ಟು ಮಕ್ಕಳಿಗೆ ಸತ್ಯವೆಂದು ಹೇಳಬೇಡಿ.

‘ಟ್ರಿವಿಯಾ’ ಎಂಬುದಕ್ಕೆ ಮಾತ್ರ ನನ್ನಲ್ಲಿ ಒಳ್ಳೆಯ ಕನ್ನಡ ಪದವಿಲ್ಲ. ಲ್ಯಾಟಿನ್ನಿನಲ್ಲಿ ‘ಟ್ರಿವಿಯಂ’ ಎಂದರೆ ಮೂರು ದಾರಿ ಕೂಡುವ ಜಾಗ. ಅಲ್ಲಿ ಸಿಗುವಂಥದ್ದು ಸಾಮಾನ್ಯವಾದದ್ದು, ಬೀದಿಯದು ಎಂಬ ಅರ್ಥ ಅದರಿಂದ ಹುಟ್ಟಿತು. ‘ಕ್ಷುಲ್ಲಕ ಸಂಗತಿ’ ಎಂದು ಅನುವಾದಿಸಿದವರನ್ನು ಕಂಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. 1904ರಲ್ಲಿ ಸಹಕಾರ ಕಾಯ್ದೆ ಬಂತು, ಮರುವರ್ಷವೇ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ರೈತರು ಸಹಕಾರ ಸಂಘ ಕಟ್ಟಿದರು. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. ಕನ್ನಡದ ಮೊದಲ ವಾಕ್ಚಿತ್ರ ತೆರೆಗೆ ಬಂದದ್ದು 1934ರಲ್ಲಿ, ಹೆಸರು ‘ಸತಿ ಸುಲೋಚನ’. ಗಂಗೂಬಾಯಿಯವರ ಹೆಸರಿನಲ್ಲಿರುವ ಹಾನಗಲ್ ಇಂದಿನ ಹಾವೇರಿ ಜಿಲ್ಲೆಯಲ್ಲಿದೆ, ಅವರು ಹುಟ್ಟಿದ್ದು ಧಾರವಾಡದಲ್ಲಿ. ಇವುಗಳಲ್ಲಿ ಯಾವುದು ಕ್ಷುಲ್ಲಕ? ಇವುಗಳಿಂದ ಹೊಟ್ಟೆ ತುಂಬುವುದಿಲ್ಲ ನಿಜ, ಆದರೆ ಇವನ್ನು ಕೇಳಿದ ಮಗುವಿನ ಕಣ್ಣು ಅರಳುವುದನ್ನು ನಾನು ನೋಡಿದ್ದೇನೆ. ‘ಸಾಮಾನ್ಯ ಜ್ಞಾನ’ ಎಂದರೆ ಕೆಲಸದ ಪರೀಕ್ಷೆಯ ವಾಸನೆ ಬರುತ್ತದೆ. ಅಗಸಿಕಟ್ಟೆಯ ಮೇಲೆ ಕುಳಿತವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಇಂಥ ಸಂಗತಿಗಳಿಗೆ ನಿಮ್ಮ ಊರಿನಲ್ಲಿ ಹೆಸರಿದ್ದರೆ ತಿಳಿಸಿ.

ಇನ್ನೊಂದು ಮಾತು ಬರೆಯದೆ ಮುಗಿಸಲಾರೆ. ಉತ್ತರ ಬಾರದ ತಂಡ ‘ಪಾಸ್’ ಎನ್ನುತ್ತದಲ್ಲ, ಅದಕ್ಕೆ ನಮ್ಮಲ್ಲಿ ಅಪ್ಪಟ ಮಾತಿದೆ. ಆಯಿ ನಮಗೆ ಒಡಪು ಹಾಕುತ್ತಿದ್ದಳು. (ಮದುವೆಯಲ್ಲಿ ಗಂಡನ ಹೆಸರು ಕೂಡಿಸಿ ಹೇಳುವುದೂ ಒಡಪು, ಒಡೆದು ಬಿಡಿಸಬೇಕಾದ ಒಗಟೂ ಒಡಪು, ನಮ್ಮ ಮನೆಯಲ್ಲಿ ಎರಡಕ್ಕೂ ಅದೇ ಹೆಸರು.) ಉತ್ತರ ತಿಳಿಯದಿದ್ದರೆ ಆಯಿ “ಊರು ಕೊಡು” ಎನ್ನುತ್ತಿದ್ದಳು. ಆಗ ನಾವು ಯಾವುದಾದರೂ ಊರಿನ ಹೆಸರು ಹೇಳಿ ಅದನ್ನು ಅವಳಿಗೆ ಒಪ್ಪಿಸಬೇಕು. ಮೊದಲು ದೂರದ, ಕಾಣದ ಊರುಗಳನ್ನೆಲ್ಲ ಕೊಟ್ಟುಬಿಡುತ್ತಿದ್ದೆವು: ಕಾಶಿ, ದಿಲ್ಲಿ, ಮುಂಬಯಿ. ಅವು ಮುಗಿದ ಮೇಲೆ ಹುಬ್ಬಳ್ಳಿ, ರೋಣ, ಮುಂಡರಗಿ. ಒಂದು ರಾತ್ರಿ ತಮ್ಮನಿಗೆ ಬೇರೆ ಊರು ನೆನಪಾಗದೆ ನಮ್ಮೂರನ್ನೇ ಕೊಟ್ಟು, ನಾಳೆ ನಾವೆಲ್ಲಿ ಇರುವುದು ಎಂದು ಅತ್ತೇ ಬಿಟ್ಟ. ಆಯಿ ಅವನನ್ನು ಎತ್ತಿಕೊಂಡು ಊರನ್ನು ಹಿಂದಿರುಗಿಸಿದಳು.

ಮುಂದಿನ ನವೆಂಬರಿನ ಕಾರ್ಯಕ್ರಮಕ್ಕೆ ‘ಸವಾಲ್–ಜವಾಬ್’ ಎಂದು ಹೆಸರಿಡಬೇಕು, ಬಿಡಿ ಪ್ರಶ್ನೆಗೆ ‘ಸವಾಲು’ ಎನ್ನಬೇಕು, ‘ಪಾಸ್’ ಎನ್ನುವಲ್ಲಿ ‘ಊರು ಕೊಟ್ಟೆವು’ ಎನ್ನಿಸಬೇಕು ಎಂದು ನನ್ನ ಆಸೆ. ಓಣಿಯ ಯುವಕರು ‘ಸವಾಲು’ ಎಂದರೆ ಜನ ಜಗಳವೆಂದು ತಿಳಿದಾರು ಎನ್ನುತ್ತಿದ್ದಾರೆ. ಅವರ ಅಳುಕನ್ನು ನಾನು ತಳ್ಳಿಹಾಕುವಂತಿಲ್ಲ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರು ‘ಸವಾಲು’ ಪದವನ್ನು ಪ್ರಶ್ನೆ ಎಂಬ ಅರ್ಥದಲ್ಲಿ ಬಳಸುವುದನ್ನು ನೀವೇ ಕೇಳಿದ್ದೀರಾ? ಯಾವ ತಾಲ್ಲೂಕಿನಲ್ಲಿ, ಯಾವ ಸಂದರ್ಭದಲ್ಲಿ? ಹಾವೇರಿಯ ಕಡೆಯವರು, ಅದರಲ್ಲೂ ಹಿರೇಕೆರೂರು, ರಾಣೆಬೆನ್ನೂರಿನವರು ಬರೆದರೆ ಬಹಳ ಉಪಕಾರ, ಏಕೆಂದರೆ ನಾನು ಹೇಳಿದ ಗಡಿ ಎಲ್ಲಿಯವರೆಗೆ ಇಳಿದಿದೆ ಎಂಬುದು ಅಲ್ಲಿ ತಿಳಿಯುತ್ತದೆ. ‘ಊರು ಕೊಡು’ ಎಂಬ ಮಾತು ನಿಮ್ಮಲ್ಲಿ ಬೇರೆ ರೂಪದಲ್ಲಿದ್ದರೆ ಅದನ್ನೂ ಬರೆಯಿರಿ. ಕೇಳಿದ್ದನ್ನು ಕೇಳಿದ ಹಾಗೆಯೇ, ಆ ವಾಕ್ಯದ ಸಮೇತ ಬರೆದರೆ ಒಳ್ಳೆಯದು.

ನಮ್ಮದು ಮುದ್ರಣ ಕಾಶಿ. ಛಾಪಖಾನೆ ಮನೆಯ ಹಿಂದಿನ ಓಣಿಯಲ್ಲೇ ಇದೆ. ಆಮಂತ್ರಣ ಪತ್ರಿಕೆಯನ್ನು ಅಕ್ಟೋಬರ್ ಮೊದಲ ವಾರ ಅಚ್ಚಿಗೆ ಕೊಡುತ್ತೇವೆ. ಹೆಸರಿನ ಜಾಗವನ್ನು ಅಲ್ಲಿಯವರೆಗೆ ಖಾಲಿ ಬಿಟ್ಟಿರುತ್ತೇನೆ.