ಅಪ್‌ಡೇಟ್: ಶ್ರೀರಂಗಪಟ್ಟಣದ ತೊಟ್ಟಿಮನೆ ಅತಿಥಿಗೃಹ

ಶ್ರೀರಂಗಪಟ್ಟಣದಲ್ಲಿ ಅತಿಥಿಗೃಹವಾಗಿ ನಡೆಯುತ್ತಿರುವ ಹಳೆಯ ತೊಟ್ಟಿಮನೆಯೊಂದನ್ನು ವ್ಯವಹಾರಸಮೇತ ಕೊಂಡು, ಹಿತ್ತಲಿನಲ್ಲಿ ಹೊಸ ಕೊಠಡಿಗಳನ್ನು ಕಟ್ಟಬಹುದೇ ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕ್ರಯಪತ್ರ ಇನ್ನೂ ಆಗಿಲ್ಲ.

ಅಳತೆ ಮಾಡಿಸಿದಾಗ ಮನೆಯು ಕೇಂದ್ರ ಸಂರಕ್ಷಿತ ಸ್ಮಾರಕವೊಂದರ 100 ಮೀಟರ್ ಒಳಗೇ ಇರುವುದು ತಿಳಿಯಿತು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆ ವಲಯದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಇರುವ ಕಟ್ಟಡದ ದುರಸ್ತಿ, ನವೀಕರಣಕ್ಕೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಆದ್ದರಿಂದ ಹಿತ್ತಲಿನ ಕೊಠಡಿಗಳ ವರಮಾನವನ್ನು ಲೆಕ್ಕದಿಂದ ಸಂಪೂರ್ಣವಾಗಿ ತೆಗೆದುಹಾಕಿ, ಈಗಿರುವ ಕೊಠಡಿಗಳ ಆದಾಯವೊಂದನ್ನೇ ಆಧರಿಸಿ ಹೊಸ ಬೆಲೆ ಹೇಳಿದ್ದೇವೆ. ಮಾರುವವರು ಪಾರಂಪರಿಕ ಎಂಬ ಹೆಸರಿಗೇ ಬೆಲೆ ಕಟ್ಟಿದ್ದರು; ಮಳೆಗಾಲಕ್ಕೆ ಮುನ್ನ ನಾಡಹೆಂಚು ಕೈಯಾಡಿಸುವ (ಒಡೆದವನ್ನು ಬದಲಿಸಿ ಮತ್ತೆ ಜೋಡಿಸುವ) ಖರ್ಚು ಮಾತ್ರ ಅವರ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಕಾಣಲಿಲ್ಲ.

ಇದು ಪಿತ್ರಾರ್ಜಿತ ಆಸ್ತಿಯಾಗಿದ್ದು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ, ಮಾರುವವರ ವಿದೇಶದಲ್ಲಿರುವ ಸಹೋದರಿಯ ಒಪ್ಪಿಗೆ ಬರಹದಲ್ಲಿ ಸಿಗುವವರೆಗೆ ಮುಂಗಡ ಕೊಡಬಾರದೆಂದು ನಮ್ಮ ವಕೀಲರು ತಿಳಿಸಿದ್ದಾರೆ. ಆಹಾರ ಪರವಾನಗಿಯನ್ನು ನಮ್ಮ ಹೆಸರಿನಲ್ಲಿ ಹೊಸದಾಗಿಯೇ ಪಡೆಯಬೇಕು. ಸಹೋದರಿಯ ಒಪ್ಪಿಗೆಯೂ, ಅವರ ಪರವಾಗಿ ಸಹಿ ಮಾಡಲು ಅವರು ಕೊಡುವ ಅಧಿಕಾರಪತ್ರವೂ ಕೈಸೇರಿದ ಬಳಿಕ, ಬೆಲೆ ಒಪ್ಪಿಗೆಯಾದರೆ, ಕರಾರು ಮಾಡಿಕೊಳ್ಳುತ್ತೇವೆ.