ಬೂಟ್ಸ್‌ಗೆ ಎಷ್ಟು ಕೇಯಾಸ್ ಸುರಿದರೂ 30% ಸ್ಪೀಡ್ ಬರುತ್ತಿಲ್ಲ, ಬೆಂಚ್ ಕೂಡ ಒಪ್ಪುತ್ತಿಲ್ಲ (ಪಾತ್ ಆಫ್ ಎಕ್ಸೈಲ್ 1 ಕಂಪ್ಯೂಟರ್ ಗೇಮ್)

ಒಂಟಿಸಲಗ:
ಕಥೆಯ ಕೊನೆಯ ಭಾಗ ಆಕ್ಟ್ 10 ಮುಗಿಸಿ, ಅದರ ನಂತರದ ಆಟವಾದ ಮ್ಯಾಪ್ ಈಗಷ್ಟೇ ಶುರು ಮಾಡಿದ್ದೇನೆ. ಕೊನೆಯ ಬಾಸ್ ಕಿಟಾವಾನನ್ನು ಹೊಡೆದ ಮೇಲೆ ರೆಸಿಸ್ಟೆನ್ಸ್ (ಬೆಂಕಿ, ಚಳಿ, ಸಿಡಿಲಿನ ಏಟು ತಡೆಯುವ ಶಕ್ತಿ) ಎಲ್ಲಾ ಪಾತಾಳಕ್ಕೆ ಹೋಗಿದೆ. ಲೈಟ್ನಿಂಗ್ ಅಂತೂ ಮೈನಸ್. ಸಿಡಿಲು ಹೊಡೆಯುವ ಯಾವ ಬಾಸ್ ಎದುರಾದರೂ ಒಂದೇ ಏಟಿಗೆ ಮಲಗುತ್ತೇನೆ.

ನನಗೆ ಬೇಕಿರುವುದು 30% ಮೂವ್‌ಮೆಂಟ್ ಸ್ಪೀಡ್, ಲೈಫ್, ಜೊತೆಗೆ ಲೈಟ್ನಿಂಗ್ ಇರುವ ಬೂಟ್ಸ್. ಕೂಡಿಟ್ಟ ಕೇಯಾಸ್ ಆರ್ಬ್ (ವಸ್ತುವಿನ ಗುಣಗಳ ಸಾಲು ಬದಲಿಸುವ ಗೋಲಿ) ಮುಕ್ಕಾಲು ಭಾಗ ಇದಕ್ಕೇ ಖಾಲಿಯಾಯಿತು. ಕಂಟ್ರೋಲ್-ಸಿ ಒತ್ತಿ ಕಾಪಿ ಮಾಡಿದರೆ ಈಗ ಹೀಗೆ ತೋರಿಸುತ್ತದೆ:

ರೇರ್ ಬೂಟ್ಸ್, ಐಟಂ ಲೆವೆಲ್ 52
ಮೂವ್‌ಮೆಂಟ್ ಸ್ಪೀಡ್ 25%
ಲೈಫ್ +64
ಫೈರ್ ರೆಸಿಸ್ಟೆನ್ಸ್ +31%
ಕೋಲ್ಡ್ ರೆಸಿಸ್ಟೆನ್ಸ್ +28%
ಸ್ಟ್ರೆಂತ್ +26

ರೇರ್ ವಸ್ತುವಿಗೆ ಆರು ಸಾಲು ತನಕ ಬರಬಹುದು, ಇದರಲ್ಲಿ ಐದೇ ತುಂಬಿದೆ, ಒಂದು ಜಾಗ ಖಾಲಿ ಇದೆ ಅಲ್ವಾ? ಆದರೂ ಬೇಕಾದ ಸಾಲನ್ನು ಆರಿಸಿ ಹಾಕುವ ಕ್ರಾಫ್ಟಿಂಗ್ ಬೆಂಚ್‌ನಲ್ಲಿ ಲೈಟ್ನಿಂಗ್ ಹಾಕಲು ಬಿಡುತ್ತಿಲ್ಲ. ಇನ್ನೊಂದು ವಿಷಯ. ನಾನು ನೋಡಿದ ವೀಡಿಯೊದಲ್ಲಿ ಕೇಯಾಸ್ ಹಾಕಿದರೆ ಒಂದೇ ಸಾಲು ಬದಲಾಗುತ್ತಿತ್ತು. ನನ್ನ ಆಟದಲ್ಲಿ ಎಲ್ಲವೂ ಒಟ್ಟಿಗೆ ಬದಲಾಗುತ್ತದೆ. ಇದು ಬಗ್ಗಾ?

ಹಳೇಕೊಡಲಿ:
ಮೊದಲು ಕೇಯಾಸ್ ಕೆಳಗಿಡಿ. ಆ ಬೂಟ್ಸ್ ಮುಟ್ಟಬೇಡಿ!

ನೀವು ನೋಡಿದ್ದು ಎರಡನೇ ಭಾಗದ (ಪಾತ್ ಆಫ್ ಎಕ್ಸೈಲ್ 2) ವೀಡಿಯೊ. ಅಲ್ಲಿ ಕೇಯಾಸ್ ಯಾವುದೋ ಒಂದು ಸಾಲನ್ನು ಕಿತ್ತು ಬೇರೊಂದನ್ನು ಹಾಕುತ್ತದೆ. ಒಂದನೇ ಭಾಗದಲ್ಲಿ ರೇರ್ ವಸ್ತುವಿನ ಎಲ್ಲಾ ಸಾಲುಗಳನ್ನೂ ಅಳಿಸಿ ಹೊಸದಾಗಿ ಬರೆಯುತ್ತದೆ. ಬಗ್ ಅಲ್ಲ.

ಇನ್ನು 30% ಸ್ಪೀಡ್. ಅದು ಬರಲು ಐಟಂ ಲೆವೆಲ್ (ಆ ವಸ್ತುವಿನ ಸ್ವಂತ ಮಟ್ಟ) ಕನಿಷ್ಠ 55 ಇರಬೇಕು. ನಿಮ್ಮದು 52. ಸಾವಿರ ಕೇಯಾಸ್ ಹಾಕಿದರೂ ಬರುವುದಿಲ್ಲ. ಈ ಲೆವೆಲ್‌ಗೆ 25% ಅನ್ನುವುದೇ ಮೇಲಿನ ಮಿತಿ, ಅದು ಆಗಲೇ ಬಂದಿದೆ. ಲೈಫ್ 64 ಕೂಡ ಈ ಲೆವೆಲ್‌ಗೆ ಚೆನ್ನಾಗಿಯೇ ಇದೆ. ಫೈರ್ ಅಂತೂ ಈ ಲೆವೆಲ್‌ಗೆ ಸಿಗುವ ಮೇಲಿನ ಮೆಟ್ಟಿಲಲ್ಲೇ ಇದೆ. ಅಂದರೆ ನೀವು ಮತ್ತೆ ಮತ್ತೆ ಅಳಿಸಲು ಹೊರಟಿರುವುದು ಅದರ ಮಟ್ಟಿಗೆ ಒಳ್ಳೆಯ ಬೂಟ್ಸ್.

ಬೆಂಚ್ ಯಾಕೆ ಒಪ್ಪುತ್ತಿಲ್ಲ? ಸಾಲುಗಳಲ್ಲಿ ಪ್ರಿಫಿಕ್ಸ್, ಸಫಿಕ್ಸ್ ಅಂತ ಎರಡು ಗುಂಪು; ಆರು ಸಾಲು ಅಂದರೆ ಮೂರು ಪ್ರಿಫಿಕ್ಸ್, ಮೂರು ಸಫಿಕ್ಸ್. ಸ್ಪೀಡ್, ಲೈಫ್ ಎರಡೂ ಪ್ರಿಫಿಕ್ಸ್. ರೆಸಿಸ್ಟೆನ್ಸ್, ಸ್ಟ್ರೆಂತ್ ಎಲ್ಲಾ ಸಫಿಕ್ಸ್. ನಿಮ್ಮ ಮೂರೂ ಸಫಿಕ್ಸ್ ಭರ್ತಿಯಾಗಿವೆ. ಖಾಲಿ ಇರುವುದು ಪ್ರಿಫಿಕ್ಸ್ ಜಾಗ. ಲೈಟ್ನಿಂಗ್ ಅಲ್ಲಿ ಕೂರುವುದಿಲ್ಲ. ಹೊಸ ಸಾಲು ಸೇರಿಸುವ ಎಕ್ಸಾಲ್ಟೆಡ್ ಆರ್ಬ್ ಹಾಕಿದರೂ ಇಲ್ಲಿ ಪ್ರಿಫಿಕ್ಸೇ ಬರುತ್ತದೆ, ಅದಕ್ಕೆ ಆಸೆಪಟ್ಟು ಅದನ್ನೂ ಕಳೆದುಕೊಳ್ಳಬೇಡಿ. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಮಾಡ್ ವಿವರ ಆನ್ ಮಾಡಿ ಆಲ್ಟ್ ಒತ್ತಿ ಹಿಡಿದರೆ ಯಾವುದು ಪ್ರಿಫಿಕ್ಸ್, ಯಾವುದು ಸಫಿಕ್ಸ್ ಅಂತ ಆಟವೇ ತೋರಿಸುತ್ತದೆ.

ಲೈಟ್ನಿಂಗ್ ಬೂಟ್ಸ್‌ನಲ್ಲೇ ಇರಬೇಕು ಅಂತ ಹಠ ಯಾಕೆ? ಬೆಲ್ಟ್, ಉಂಗುರ, ಗ್ಲೌಸ್ ಎಲ್ಲಾ ತೆಗೆದು ನೋಡಿ. ಎಲ್ಲಾದರೂ ಒಂದು ಸಫಿಕ್ಸ್ ಖಾಲಿ ಇರುತ್ತದೆ. ಅಲ್ಲಿ ಬೆಂಚ್‌ನಿಂದ ಹಾಕಿ. ಕೇಯಾಸ್ ಸುರಿಯುವುದಕ್ಕೆ ಹೋಲಿಸಿದರೆ ಖರ್ಚು ಏನೂ ಅಲ್ಲ. ಲೆಕ್ಕ ಕೂಡ ಇಡೀ ಮೈಮೇಲಿನ ಸಾಮಾನಿಗೆ ಹಾಕಬೇಕು. ಆಕ್ಟ್ 10 ಮುಗಿದ ಮೇಲೆ ರೆಸಿಸ್ಟೆನ್ಸ್‌ನಲ್ಲಿ ಒಟ್ಟು ಕಡಿತ 60%. ಮಿತಿ 75%. ಹಾಗಾಗಿ ಫೈರ್, ಕೋಲ್ಡ್, ಲೈಟ್ನಿಂಗ್ ಮೂರಕ್ಕೂ ತಲಾ 135% ಹೊಂದಿಸಬೇಕು. ಯಾವುದು ಎಲ್ಲಿಂದ ಬಂದರೂ ನಡೆಯುತ್ತದೆ.

ಬೂದಿಗುಡ್ಡ:
ಕೊಡಲಿ ಅಣ್ಣ ಹೇಳಿದ್ದು ಸರಿ. ಆದರೆ ಹೊಸ ಬೂಟ್ಸ್ ಮಾಡುವುದಾದರೆ ಐಟಂ ಲೆವೆಲ್ 86ಕ್ಕಿಂತ ಕಡಿಮೆ ಮುಟ್ಟಲೇಬಾರದು. 35% ಸ್ಪೀಡ್ ಬರುವುದು 86ರಿಂದ.

ಹಳೇಕೊಡಲಿ:
@ಬೂದಿಗುಡ್ಡ ಈಗ ತಾನೇ ಮ್ಯಾಪ್‌ಗೆ ಬಂದವರಿಗೆ 86 ಎಲ್ಲಿಂದ ಸಿಗಬೇಕು? ಅಷ್ಟೇ ಅಲ್ಲ, ಲೆವೆಲ್ ಏರಿದಷ್ಟೂ ಬರಬಹುದಾದ ಸಾಲುಗಳ ಪಟ್ಟಿ ಉದ್ದವಾಗುತ್ತದೆ. ಬೇಡದ್ದು ಬರುವ ಸಾಧ್ಯತೆಯೂ ಜಾಸ್ತಿ. ಇವರಿಗೆ 60ರಿಂದ 70ರ ಒಳಗಿನ ಬೂಟ್ಸ್ ಸಾಕು. 60ಕ್ಕೆ 30% ಸ್ಪೀಡ್ ಬರುತ್ತದೆ, 41% ತನಕ ರೆಸಿಸ್ಟೆನ್ಸ್ ಬರುತ್ತದೆ.

ಒಂಟಿಸಲಗ:
ಅಬ್ಬಾ, ಈಗ ಅರ್ಥವಾಯಿತು. ಬೆಲ್ಟ್‌ನಲ್ಲಿ ಒಂದು ಸಫಿಕ್ಸ್ ಖಾಲಿ ಇತ್ತು, ಲೈಟ್ನಿಂಗ್ ಹಾಕಿದೆ. ಮೈನಸ್‌ನಿಂದ ಮೇಲೆ ಬಂದಿದ್ದೇನೆ. ಹೊಸ ಬೂಟ್ಸ್‌ಗೆ ಹಾಗಾದರೆ ಕೇಯಾಸ್ ಬಿಟ್ಟು ಏನು ಬಳಸಬೇಕು? ಆಲ್ಟರೇಷನ್ ಆರ್ಬ್ ಸ್ಟ್ಯಾಶ್‌ನಲ್ಲಿ ರಾಶಿ ಬಿದ್ದಿದೆ. ಒಂದಷ್ಟು ಎಸೆನ್ಸ್ ಕೂಡ ಇವೆ.

ಹಳೇಕೊಡಲಿ:
ರಾಶಿ ಬಿದ್ದಿರುವುದನ್ನೇ ಮೊದಲು ಖರ್ಚು ಮಾಡಿ. ಬಿಳಿ (ಸಾಲುಗಳೇ ಇಲ್ಲದ) ಬೂಟ್ಸ್ ತೆಗೆದುಕೊಂಡು ಟ್ರಾನ್ಸ್‌ಮ್ಯೂಟೇಷನ್ ಆರ್ಬ್ ಹಾಕಿ, ಮ್ಯಾಜಿಕ್ ಆಗುತ್ತದೆ. ಮ್ಯಾಜಿಕ್‌ನಲ್ಲಿ ಇರುವುದು ಒಂದು ಪ್ರಿಫಿಕ್ಸ್, ಒಂದು ಸಫಿಕ್ಸ್. ಎರಡೇ ಜಾಗ ಇರುವುದರಿಂದ ಗುರಿ ಇಟ್ಟು ಹೊಡೆಯುವುದು ಸುಲಭ. 30% ಸ್ಪೀಡ್ ಬರುವ ತನಕ, ಸಾಲುಗಳನ್ನು ಹೊಸದಾಗಿ ಬರೆಯುವ ಆಲ್ಟರೇಷನ್ ಹಾಕುತ್ತಿರಿ. ಸ್ಪೀಡ್ ಒಂದೇ ಬಂದು ಸಫಿಕ್ಸ್ ಖಾಲಿ ಇದ್ದರೆ ಅದನ್ನು ತುಂಬಲು ಆಗ್ಮೆಂಟೇಷನ್. ಸಫಿಕ್ಸ್‌ನಲ್ಲಿ ಒಂದು ರೆಸಿಸ್ಟೆನ್ಸ್ ಕೂತರೆ ರೀಗಲ್ ಹಾಕಿ ರೇರ್ ಮಾಡಿ, ಮೂರನೇ ಸಾಲು ಬರುತ್ತದೆ. ನಾಲ್ಕನೆಯದು ಬೆಂಚ್‌ನಿಂದ. ರೀಗಲ್‌ನಲ್ಲಿ ಲೈಫ್ ಬಂದರೆ ಬೆಂಚ್‌ನಲ್ಲಿ ರೆಸಿಸ್ಟೆನ್ಸ್ ಹಾಕಿ, ರೆಸಿಸ್ಟೆನ್ಸ್ ಬಂದರೆ ಲೈಫ್ ಹಾಕಿ. ಅಲ್ಲಿಗೆ ನಿಲ್ಲಿಸಿ. ಉಳಿದ ಎರಡು ಸಾಲಿನ ಆಸೆಗೆ ಎಕ್ಸಾಲ್ಟೆಡ್ ಹಾಕುವುದು ಈ ಹಂತದಲ್ಲಿ ಸುಮ್ನೆ ದಂಡ.

ಎಸೆನ್ಸ್ (ಒಂದು ಸಾಲನ್ನು ಖಚಿತವಾಗಿ ಕೊಟ್ಟು ವಸ್ತುವನ್ನು ರೇರ್ ಮಾಡುವಂಥದ್ದು) ಬೇರೆ ಸಾಮಾನಿಗೆ ಇಟ್ಟುಕೊಳ್ಳಿ. ಗ್ರೀಡ್ ಎಸೆನ್ಸ್ ಹಾಕಿದರೆ ಲೈಫ್ ಗ್ಯಾರಂಟಿ. ಚಿಕ್ಕ ಎಸೆನ್ಸ್ ಬಿಳಿ ವಸ್ತುವಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಡೆಫನಿಂಗ್‌ನಂಥ ದೊಡ್ಡವು ರೇರ್ ಮೇಲೂ ನಡೆಯುತ್ತವೆ. ಒಂದೇ ಜಾತಿಯ ಮೂರನ್ನು ಅಂಗಡಿಯವನಿಗೆ ಕೊಟ್ಟರೆ ಒಂದು ಮೆಟ್ಟಿಲು ಮೇಲಿನದು ಸಿಗುತ್ತದೆ.

ಕೇಯಾಸ್ ಮಾತ್ರ ದುಡ್ಡು ಅಂದುಕೊಳ್ಳಿ. ಟ್ರೇಡ್‌ನಲ್ಲಿ ಹುಡುಕಿ, ಇಂಥ ಬೂಟ್ಸ್ ನೀವು ಸುರಿದದ್ದಕ್ಕಿಂತ ಕಡಿಮೆಗೆ ಸಿಗುವುದೇ ಹೆಚ್ಚು.

ಒಂಟಿಸಲಗ:
ಕೊನೆಯ ಪ್ರಶ್ನೆ. ಹೊಸ ಬೂಟ್ಸ್‌ನಲ್ಲಿ ಲೈಟ್ನಿಂಗ್ ಸಿಕ್ಕರೆ ಬೆಲ್ಟ್‌ನಲ್ಲಿ ಬೆಂಚ್ ಸಾಲು ತೆಗೆದು ಕೋಲ್ಡ್ ಹಾಕಬೇಕು. ತೆಗೆಯಲು ಸ್ಕೌರಿಂಗ್ ಆರ್ಬ್ ಬೇಕು ಅಂತ ಎಲ್ಲೋ ಓದಿದೆ. ಬೆಲ್ಟ್ ಮೇಲೆ ಸ್ಕೌರಿಂಗ್ ಹಾಕಿದರೆ ಆಯಿತಾ?

ಬೂದಿಗುಡ್ಡ:
ಅಯ್ಯೋ, ಬೇಡ ಮಾರಾಯ! ನೇರವಾಗಿ ಹಾಕಿದರೆ ಇಡೀ ಬೆಲ್ಟ್ ಬಿಳಿಯಾಗುತ್ತದೆ. ಬೆಲ್ಟನ್ನು ಬೆಂಚ್‌ನಲ್ಲಿ ಇಟ್ಟು, ಅಲ್ಲಿರುವ ಪಟ್ಟಿಯಲ್ಲೇ ಬೆಂಚ್ ಸಾಲು ತೆಗೆಯುವ ಆಯ್ಕೆ ಒತ್ತು. ಒಂದು ಸ್ಕೌರಿಂಗ್ ಅದೇ ತೆಗೆದುಕೊಳ್ಳುತ್ತದೆ, ಮಿಕ್ಕ ಸಾಲುಗಳು ಹಾಗೇ ಇರುತ್ತವೆ.