ಮೋಟರ್ ತಿರುಗತದ, ಟಾಕಿಗೆ ನೀರು ಏರವಲ್ದು – ಹೊಸಾದು ತಗೋಬೇಕಾ?

ಪ್ರಶ್ನೆ – ವಿಜಯಪುರದಿಂದ

ನಮಸ್ಕಾರ್ರಿ. ಸಂಪ್‌ನಿಂದ ಮ್ಯಾಲಿನ ಟಾಕಿಗೆ ನೀರು ಏರಸೋ ಅರ್ಧ ಎಚ್‌ಪಿ ಸೆಲ್ಫ್ ಪ್ರೈಮಿಂಗ್ ಮೋನೋಬ್ಲಾಕ್ (ಮೋಟರ್, ಪಂಪು ಕೂಡೇ ಇರೋದು) ಅದ. ಸಂಪ್ 8 ಫೂಟ್ ಆಳ, ಟಾಕಿ 1000 ಲೀಟರಿಂದು, ಎರಡನೇ ಮಜಲಿ ಮ್ಯಾಲ. ಸಕ್ಷನ್ ಪೈಪು (ಸಂಪಿನಿಂದ ಪಂಪಿಗೆ ಬರೋದು) 1 ಇಂಚು ಯುಪಿವಿಸಿ, ತಳಕ್ಕ ನೀರು ವಾಪಸ್ ಇಳಿಯದಂಗ ತಡಿಯೋ ಫುಟ್‌ವಾಲ್ವ್. ಮೊದಲ ಮುಕ್ಕಾಲು ತಾಸಿನಾಗ ಟಾಕಿ ತುಂಬತಿತ್ತು. ಈಗ ಮೋಟರ್ ಚಲೋ ತಿರುಗತದ, ಖರೆ ನೀರು ಬರವಲ್ದು. ಪ್ರೈಮಿಂಗ್ ಬೂಚ ತಗದು ನೀರು ಹಾಕಿ ಚಾಲೂ ಮಾಡಿದ್ರ ಸ್ವಲ್ಪ ಹೊತ್ತು ತಡದು ತಡದು ಬಂದು ನಿಂತಬಿಡತದ. ಹತ್ತು ನಿಮಿಷಕ್ಕ ಪಂಪಿನ ಮುಖ ಕೈ ಇಡಲಾರದಷ್ಟು ಸುಡತದ. ನೋಡಿದ ಮೆಕ್ಯಾನಿಕ್ ಹೊಸ ಮೋಟರ್ ಹಾಕ್ಸ್ರಿ ಅಂತಾರ. ನಳದ ನೀರು ದಿನಾ ಬರೂದಿಲ್ಲ, ಲಗೂನ ಸರಿ ಆಗಬೇಕು. ತಿಳದವರು ಹೇಳ್ರಿ.

ಉತ್ತರ – ಬಾಗಲಕೋಟೆ, ನವನಗರ

ಹೊಸ ಮೋಟರ್ ಈಗ ಬ್ಯಾಡ್ರಿ. ಮೋಟರ್ ಪೂರಾ ವೇಗದಾಗ ತಿರುಗಾಕತ್ತೈತಿ ಅಂದ್ರ ವೈಂಡಿಂಗ್, ಕಂಡೆನ್ಸರ್, ಬೇರಿಂಗ್ ಬಹುಶಃ ಆರಾಮ ಅದಾವು. ಬೇನಿ ಇರೋದು ಪಂಪಿನಿಂದ ಕೆಳಗ, ಸಕ್ಷನ್ ಕಡೆ. ಅದನ್ನ ಸರಿಮಾಡದ ಹೊಸಾದು ಕೂಡ್ರಿಸಿದ್ರ ಅದೂ ಹಿಂಗ ಸುಡತೈತಿ.

ಮೊದಲ ಮಾತು: ನೀರು ಬರದಿದ್ರ ಅರ್ಧ ನಿಮಿಷದಾಗ ಬಂದ್ ಮಾಡ್ರಿ. ಒಳಗ ಉಳದ ಅಷ್ಟ ನೀರು ಅಲ್ಲೇ ಸುತ್ತಿ ಸುತ್ತಿ ಕಾಯತೈತಿ, ಆಮ್ಯಾಲ ಆವಿ ಆಗತೈತಿ. ಶಾಫ್ಟಿನ ಸುತ್ತ ಇರೋ ಮೆಕ್ಯಾನಿಕಲ್ ಸೀಲಿನ ಕಾರ್ಬನ್ ಮುಖಕ್ಕ ತಂಪು ಕೊಡೋದು ಆ ನೀರ. ಒಣಾ ತಿರುಗಿದ್ರ ಅದು ಸೀಳತೈತಿ. ಆಗ ಒಂದಿದ್ದ ದುರಸ್ತಿ ಎರಡಾಗತಾವು.

ಸಂಪಿನ ಆಳ ಕಾರಣ ಅಲ್ಲ. 8 ಫೂಟ್ ಅಂದ್ರ ಎರಡೂವರೆ ಮೀಟರ್ ಆಗೂದಿಲ್ಲ. ಪಂಪು ನೀರನ್ನ ಎಳಿಯೂದಿಲ್ಲ, ಹೊರಗಿನ ಗಾಳಿ ಒತ್ತಡ ಮ್ಯಾಲ ದೂಡತೈತಿ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಅಲ್ಲಿ ಲೆಕ್ಕಕ್ಕ ಒಂಬತ್ತೂವರೆ ಮೀಟರ್ ಏರಬಹುದು; ಇಂಥ ಸಣ್ಣ ಪಂಪಿನಿಂದ ನಡಿಯೋದು 6–7 ಮೀಟರ್. ನಿಮಗ ಬೇಕಾದಷ್ಟು ಉಳಿತೈತಿ. ಆದ್ರ ಪೈಪಿನಾಗ ಎಲ್ಲೆರೆ ಗಾಳಿ ಹೊಕ್ಕರ ಆ ದೂಡೋ ಬಲ ಇಲ್ಲದಂಗ ಆಗತೈತಿ.

ಈ ಪರೀಕ್ಷೆ ಮಾಡಿ ತಿಳಸ್ರಿ. ಬೋರ್ಡಿನ ಸ್ವಿಚ್ ಅಷ್ಟ ಅಲ್ಲ, ಆ ಲೈನಿನ ಕರೆಂಟ್ ಪೂರಾ ತಗಿಯೋ ಎಂಸಿಬಿ ಇಳಸ್ರಿ. ಡೆಲಿವರಿ ಕಡೆ, ಅಂದ್ರ ಟಾಕಿಗೆ ಹೋಗೋ ಪೈಪಿಗೆ, ಗೇಟ್‌ವಾಲ್ವ್ ಇದ್ರ ಮುಚ್ಚರಿ. ಪ್ರೈಮಿಂಗ್ ಬೂಚ ತಗದು ಲೀಟರಿನ ಅಳತಿಯಿಂದ ನೀರು ಹಾಕ್ರಿ. 1 ಇಂಚಿನ ಪೈಪು ಒಂದು ಫೂಟಿಗೆ ಹಿಡಿಯೋದು ಬರೇ 150 ಮಿಲಿ. ನಿಮ್ಮ ಪೈಪು ಹತ್ತು–ಹನ್ನೆರಡು ಫೂಟ್ ಅಂತ ಹಿಡದ್ರೂ ಎರಡು ಲೀಟರಿನ ಒಳಗ, ಪಂಪಿನ ಹೊಟ್ಟಿಗೆ ಇನ್ನೊಂದು. ಮೂರು ಲೀಟರಿಗೆ ನೀರು ಬಾಯಿಮಟ ಬಂದು ನಿಲ್ಲಬೇಕು. ನಾಕು, ಐದು ಹಾಕಿದ್ರೂ ತುಂಬಲಿಲ್ಲಂದ್ರ, ಇಲ್ಲಾ ತುಂಬಿ ಕೆಳಗ ಇಳೀತಂದ್ರ, ಫುಟ್‌ವಾಲ್ವ್ ಹಿಡಿಯವಲ್ದು. ನಿಂತ್ರ ಫುಟ್‌ವಾಲ್ವ್ ಬಿಟ್ಟಬಿಡ್ರಿ, ಗಾಳಿ ಎಲ್ಲಿ ಹೊಗಾಕತ್ತೈತಿ ಅಂತ ಹುಡಕೂಣು.

ಇನ್ನೊಂದು ಪ್ರಶ್ನೆ – ಜಮಖಂಡಿಯಿಂದ

ಇದಕ್ಕ ಹತ್ತಿದ್ದ ಒಂದು ಕೇಳ್ತೀನ್ರಿ. ನಮ್ಮದು ಒಂದು ಎಚ್‌ಪಿ. ಬ್ಯಾಸಿಗಿ ಪೂರಾ ಬಂದ್ ಇತ್ತು. ಈಗ ಸ್ವಿಚ್ ಒತ್ತಿದ್ರ ಗುಂಯ್ ಅಂತೈತಿ, ತಿರುಗವಲ್ದು. ಇದೂ ಸಕ್ಷನ್ನ ಏನ್ರಿ?

ಉತ್ತರ – ಬೆಳಗಾವಿ

ಜಮಖಂಡಿಯವರ, ನಿಮ್ಮದು ಬೇರೆ ಸಮಸ್ಯೆ. ಗುಂಯ್ ಅನ್ನುವಾಗ ಎರಡು–ಮೂರು ಸೆಕೆಂಡಿಗಿಂತ ಹೆಚ್ಚು ಸ್ವಿಚ್ ಒತ್ತಿ ಹಿಡಿಯಬೇಡಿ. ತಿರುಗದ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಸುಡುವುದು ಹೀಗೆಯೇ.

ಎಂಸಿಬಿ ಇಳಿಸಿ, ಹಿಂದಿನ ಫ್ಯಾನ್ ಕವರ್ ಬಿಚ್ಚಿ, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಕೆಲವು ಮೋಟರುಗಳಲ್ಲಿ ಶಾಫ್ಟಿನ ತುದಿಗೆ ಸ್ಕ್ರೂಡ್ರೈವರ್ ಕೂರುವಂಥ ಗೀರು ಇರುತ್ತದೆ, ಅದನ್ನೇ ಬಳಸಿ. ಅಲುಗದಿದ್ದರೆ ಇಂಪೆಲ್ಲರ್, ಅಂದರೆ ಪಂಪಿನೊಳಗೆ ನೀರು ದೂಡುವ ಚಕ್ರ, ಜಾಮ್ ಆಗಿದೆ. ಈ ಸಣ್ಣ ಪಂಪುಗಳಲ್ಲಿ ಹಿತ್ತಾಳೆಯ ಇಂಪೆಲ್ಲರ್‌ಗೂ ಬೀಡಿನ ಕವಚಕ್ಕೂ ನಡುವೆ ಕೂದಲೆಳೆಯಷ್ಟೇ ಸಂದು. ನಿಂತ ನೀರು ಒಣಗಿದಾಗ ತುಕ್ಕು, ಬೋರಿನ ನೀರಾಗಿದ್ದರೆ ಬಿಳಿ ಸುಣ್ಣದ ಪದರ, ಅಲ್ಲೇ ಕಚ್ಚಿಕೊಳ್ಳುತ್ತದೆ. ಫ್ಯಾನಿನ ರೆಕ್ಕೆ ಹಿಡಿದು ಜಗ್ಗಬೇಡಿ, ಪ್ಲಾಸ್ಟಿಕ್ ರೆಕ್ಕೆ ಮುರಿಯುತ್ತದೆ. ಪಂಪಿನೊಳಗೆ ನೀರು ತುಂಬಿ ಒಂದು ರಾತ್ರಿ ಬಿಟ್ಟು ಶಾಫ್ಟನ್ನು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಆಡಿಸಿ. ಆದರೂ ಬಿಡದಿದ್ದರೆ ಮುಂದಿನ ಮುಚ್ಚಳದ ಬೋಲ್ಟ್ ತೆಗೆಯಿರಿ. ತೆಗೆಯುವ ಮೊದಲು ಮುಚ್ಚಳಕ್ಕೂ ಬಾಡಿಗೂ ಸೇರಿಸಿ ಒಂದು ಗೆರೆ ಎಳೆದಿಡಿ, ತಿರುಗಿ ಕೂರಿಸುವಾಗ ಅದೇ ಗುರುತು. ಸುಣ್ಣಕ್ಕೆ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಹರಳು ಕರಗಿಸಿ ಒರೆಸಿ. ಇಂಪೆಲ್ಲರ್ ಅಂಚನ್ನು ಮಾತ್ರ ಕಾನಸಿನಿಂದ ಉಜ್ಜಬೇಡಿ. ಆ ಸಂದು ದೊಡ್ಡದಾದರೆ ಪಂಪು ಮೇಲಿನ ಮಜಲಿಗೆ ನೀರು ಏರಿಸುವುದಿಲ್ಲ.

ಕೈಯಿಂದ ಸಲೀಸಾಗಿ ತಿರುಗುತ್ತದೆ, ಆದರೂ ಗುಂಯ್ ಅನ್ನುತ್ತದೆ ಅಂದರೆ ಕಂಡೆನ್ಸರ್ ನೋಡಿ. ಎಂಸಿಬಿ ಇಳಿಸಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಹೋಲ್ಡರಿಗೆ ಹಾಕಿದ ಹಳೆಯ ಕಾಲದ ತಂತಿ ಬಲ್ಬಿನ ಎರಡು ವೈರನ್ನು ಕಂಡೆನ್ಸರಿನ ಎರಡು ತುದಿಗೆ ತಾಗಿಸಿ ಖಾಲಿ ಮಾಡಿ, ಆಮೇಲೆ ಮುಟ್ಟಿ. ಮಲ್ಟಿಮೀಟರ್ ತೋರಿಸುವ ಕಂಡೆನ್ಸರಿನ ಅಳತೆ, ಅಂದರೆ ಎಂಎಫ್‌ಡಿ ಮೇಲೆ ಬರೆದದ್ದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ ಇದ್ದರೆ ಬದಲಿಸಿ. ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ಅಳೆಯುವ ಅಗತ್ಯವೇ ಇಲ್ಲ. ಹೊಸದರ ಎಂಎಫ್‌ಡಿ ಹಳೆಯದರಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಲಿ. ಜೋರಾಗಿ ತಿರುಗಲಿ ಅಂತ ದೊಡ್ಡ ಎಂಎಫ್‌ಡಿ ಹಾಕಿಸುವವರಿದ್ದಾರೆ. ಅದರಿಂದ ವೈಂಡಿಂಗ್ ಬಿಸಿಯಾಗುತ್ತದೆ, ಮತ್ತೇನೂ ಲಾಭವಿಲ್ಲ.

ಬಾಡಿ ಮುಟ್ಟಿದರೆ ಜುಮ್ ಅನ್ನುವ ಮೋಟರನ್ನು ಯಾರೂ ಬಿಚ್ಚಲು ಹೋಗಬೇಡಿ. ಅರ್ಥಿಂಗ್ ಸರಿ ಮಾಡಿಸಿ, ಆ ಲೈನಿಗೆ ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿ. ಅದಕ್ಕೆ ಎಲೆಕ್ಟ್ರಿಷಿಯನ್ನೇ ಬೇಕು.

ವಿಜಯಪುರದಿಂದ

ಅಳದು ಹಾಕಿದೆ. ಮೂರು ಲೀಟರಿಗೆ ತುಂಬಿತ್ರಿ, ಆದ್ರ ನೋಡ್ತಾ ನೋಡ್ತಾ ಕೆಳಗ ಇಳೀತು. ಫುಟ್‌ವಾಲ್ವ್ ತಗಿಲಿಕ್ಕೆ ಸಂಪಿನಾಗ ಇಳೀಬೇಕೇನ್ರಿ?

ಬಾಗಲಕೋಟೆ, ನವನಗರ

ಇಳಿಯಾಕ ಹೋಗಬ್ಯಾಡ್ರಿ! ಮುಚ್ಚಿಟ್ಟ ಸಂಪಿನಾಗ ಉಸರಾಡೋ ಗಾಳಿ ಕಡಿಮಿ ಇರತೈತಿ, ಇಳದವರು ಮಾತಾಡೂದ್ರಾಗ ಎಚ್ಚರ ತಪ್ಪತಾರ, ಎತ್ತಾಕ ಹೋದವರೂ ಸಿಗತಾರ. ಪಂಪಿನ ಹತ್ರ ಸಕ್ಷನ್ನಿಗೆ ಯೂನಿಯನ್ (ಬಿಚ್ಚಿ ಕೂಡಸೋ ಜಾಯಿಂಟ್) ಇರತೈತಿ. ಅದನ್ನ ಬಿಚ್ಚಿ ಪೈಪಿಗೆ ಹಗ್ಗ ಕಟ್ಟಿ, ಇಬ್ಬರು ನಿಂತು ಮ್ಯಾಲಿಂದನ ಪೈಪು ಸಮೇತ ಎತ್ತರಿ. ನಟ್ಟನಡುವ ಬಗ್ಗದಂಗ ಹಿಡೀರಿ, ಯುಪಿವಿಸಿ ಜಾಯಿಂಟ್ ಅಲ್ಲೇ ಸೀಳತೈತಿ.

ಫುಟ್‌ವಾಲ್ವ್ ಒಳಗ ಒಂದು ರಬ್ಬರ್ ವಾಸರ್ ಇಲ್ಲಾ ಸ್ಪ್ರಿಂಗಿನ ತಾಟು ಇರತೈತಿ. ಅದರ ಕೂಡೋ ಜಾಗಾದಾಗ ಒಂದು ಉಸುಕಿನ ಹರಳು ಸಿಕ್ಕರೂ ಸಾಕು, ನೀರು ಜಿನಗತೈತಿ. ಕೊಲ್ಹಾರ ಕಡೆಯಿಂದ ಬರೋ ಕೃಷ್ಣಾ ನೀರು ಶುದ್ಧ ಆಗೇ ಬಂದ್ರೂ ಸಂಪಿನ ತಳದಾಗ ವರ್ಷಕ್ಕೊಂದಿಷ್ಟು ರಾಡಿ ಕೂಡತೈತಿ. ಹಲ್ಲುಜ್ಜೋ ಹಳೇ ಬ್ರಷ್‌ನಿಂದ ತೊಳದು, ವಾಸರ್ ಉಗುರಿನಿಂದ ಒತ್ತಿ ನೋಡ್ರಿ. ಗಟ್ಟಿ ಆಗಿದ್ರ, ವಾಲ್ವಿನ ಅಂಚು ಅದರ ಮ್ಯಾಲ ಅಚ್ಚು ಒತ್ತಿದಂಗ ತಗ್ಗು ಮೂಡಿದ್ರ, ವಾಸರ್ ಬದಲಿಸ್ರಿ. ಹಿತ್ತಾಳಿದಾಗಿದ್ರ ವಾಸರ್ ಅಷ್ಟ ಸಿಗತೈತಿ, ಪ್ಲಾಸ್ಟಿಕ್‌ದಾಗಿದ್ರ ಪೂರಾ ಹೊಸಾದ ಹಾಕೋದು ಚಲೋ. ಇಳಿಸೂಕಿಂತ ಮೊದಲ ಪೈಪು ನೆಟ್ಟಗ ಹಿಡದು ಮ್ಯಾಲಿಂದ ನೀರು ತುಂಬಿ ಐದು ನಿಮಿಷ ನೋಡ್ರಿ. ಕೆಳಗ ಒಂದು ಹನಿ ಬೀಳಬಾರದು.

ಇಳಸುವಾಗ ಫುಟ್‌ವಾಲ್ವ್ ತಳದಿಂದ ಒಂದು ಗೇಣು ಮ್ಯಾಲ ಇರಲಿ. ತಳಕ್ಕ ಹಚ್ಚಿದ್ರ ರಾಡಿ ಜಗ್ಗತೈತಿ. ಸಂಪಿನ ನೀರು ಅದರ ಮ್ಯಾಲ ಒಂದು ಫೂಟಿಗಿಂತ ಕಡಿಮಿ ಆದ್ರ ಮೋಟರ್ ಬಂದ್ ಮಾಡ್ರಿ. ಸುಳಿ ಬಿದ್ದು ಗಾಳಿ ಹೊಗತೈತಿ.

ವಿಜಯಪುರದಿಂದ

ವಾಸರಿನಾಗ ತಗ್ಗು ಬಿದ್ದಿತ್ತು, ಬದಲಿಸಿದೆ. ಈಗ ಪ್ರೈಮಿಂಗ್ ನೀರು ಇಳಿಯವಲ್ದು. ಆದ್ರೂ ಟಾಕಿಗೆ ಬರೋ ನೀರು ಬುರುಗು ಬುರುಗು, ಪುಸ್ ಪುಸ್ ಅಂತ ತಡದು ಬರತದ. ಎಲ್ಲಿಂದೂ ಹನಿ ಸುದ್ದಾ ಸೋರವಲ್ದು.

ಬೆಳಗಾವಿ

ಸೋರದಿರುವುದೇ ಸರಿ, ಅದರಿಂದಲೇ ಎಲ್ಲರೂ ದಾರಿ ತಪ್ಪುವುದು. ಸಕ್ಷನ್ ಪೈಪಿನ ತೂತು ಮೋಟರ್ ಓಡುವಾಗ ನೀರನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ಒಳಗೆ ಎಳೆಯುತ್ತದೆ. ಕಣ್ಣಿಗೆ ಕಾಣುವುದಿಲ್ಲ.

ಜೋಳದ ಹಿಟ್ಟಿನ ಕಣಕ ಗಟ್ಟಿಯಾಗಿ ನಾದಿಕೊಳ್ಳಿ, ಇಲ್ಲವೇ ದಪ್ಪ ಗ್ರೀಸ್ ತೆಗೆದುಕೊಳ್ಳಿ. ಮೋಟರ್ ಬಂದ್ ಇರುವಾಗ ಒಂದೇ ಜಾಯಿಂಟಿಗೆ ಸುತ್ತ ಮೆತ್ತಿ, ಆಮೇಲೆ ಚಾಲೂ ಮಾಡಿ ನೀರಿನ ಧಾರೆ ನೋಡಿ. ಬುರುಗು ನಿಂತರೆ ಕಳ್ಳ ಅಲ್ಲೇ ಇದ್ದಾನೆ, ಇಲ್ಲವಾದರೆ ಮುಂದಿನ ಜಾಯಿಂಟ್. ಯೂನಿಯನ್ನಿನಿಂದ ಶುರು ಮಾಡಿ, ಈಗಷ್ಟೇ ಬಿಚ್ಚಿ ಹಾಕಿದ್ದೀರಿ. ಆಮೇಲೆ ಪಂಪಿನ ಬಾಯಿಗೆ ತಿರುಗಿಸಿದ ಎಳೆ, ಕೊನೆಗೆ ಪ್ರೈಮಿಂಗ್ ಬೂಚು. ಬೂಚಿನ ವಾಸರನ್ನು ಯಾರೂ ನೋಡುವುದೇ ಇಲ್ಲ.

ಎಳೆಯಲ್ಲಿ ಗಾಳಿ ಇದ್ದರೆ ಹಳೆಯ ಟೇಪನ್ನು ಪೂರ್ತಿ ಕಿತ್ತು, 1 ಇಂಚಿಗೆ ಹತ್ತು–ಹನ್ನೆರಡು ಸುತ್ತು ಟೆಫ್ಲಾನ್ ಟೇಪ್, ಎಳೆ ಬಿಗಿಯುವ ದಿಕ್ಕಿಗೇ ಸುತ್ತಿ. ಪ್ಲಾಸ್ಟಿಕ್ ಎಳೆಯನ್ನು ಕೈಯಿಂದ ಬಿಗಿದು ಪಾನಾದಿಂದ ಒಂದು ಸುತ್ತಷ್ಟೇ. ಅದಕ್ಕಿಂತ ಹೆಚ್ಚು ಬಿಗಿದರೆ ಕೂದಲು ಸೀಳು ಬಿಟ್ಟು ಅದೇ ಗಾಳಿ ಶುರುವಾಗುತ್ತದೆ. ಯೂನಿಯನ್ನಿನಲ್ಲಿ ಟೇಪ್ ಕೆಲಸ ಮಾಡುವುದಿಲ್ಲ, ಅಲ್ಲಿ ಹಿಡಿಯುವುದು ರಬ್ಬರಿನ ಓ-ರಿಂಗ್.

ಇಷ್ಟೆಲ್ಲ ಸರಿ ಇದ್ದೂ ಬುರುಗು ಬಂದರೆ ಪಂಪಿಗೂ ಮೋಟರಿಗೂ ನಡುವಿನ ಸಂದಿನ ಕೆಳಗೆ ಒಣ ಕಾಗದ ಇಡಿ. ಮೋಟರ್ ನಿಲ್ಲಿಸಿದ ಮೇಲೆ ಕಾಗದ ತೊಯ್ದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ. ನಿಂತಾಗ ಟಾಕಿ ಕಡೆಯ ನೀರಿನ ಭಾರಕ್ಕೆ ಹನಿಯುತ್ತದೆ, ಓಡುವಾಗ ಅಲ್ಲಿಂದಲೇ ಗಾಳಿ ಎಳೆಯಬಹುದು. ಸೀಲ್ ತರುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ, ಶಾಫ್ಟಿನ ದಪ್ಪ ಮೋಟರಿನಿಂದ ಮೋಟರಿಗೆ ಬೇರೆ.

ವಿಜಯಪುರದಿಂದ

ಯೂನಿಯನ್ನಿಗೆ ಕಣಕ ಹಚ್ಚಿದ ಕೂಡ್ಲೇ ಧಾರಿ ತುಂಬ ಬಂತ್ರಿ! ಓ-ರಿಂಗ್ ಚಪ್ಪಟಿ ಆಗಿ ಒಂದು ಕಡೆ ಸೀಳಿತ್ತು, ಹೊಸಾದು ಹಾಕಿದೆ. ಟಾಕಿ ಮೊದಲಿನಂಗ ತುಂಬ್ಲಿಕತ್ತದ. ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದ್ರು, ನಳಕ್ಕ ನೇರ ಮೋಟರ್ ಹಚ್ಚರಿ, ಸಂಪಿನ ಗದ್ದಲನ ಬ್ಯಾಡ ಅಂತ. ಹಚ್ಚಬಹುದಾ?

ಬಾಗಲಕೋಟೆ, ನವನಗರ

ಅದನ್ನ ಮಾತ್ರ ಮಾಡಬ್ಯಾಡ್ರಿ. ಅದಕ್ಕ ಪರವಾನಗಿ ಇಲ್ಲ. ಅದಕ್ಕಿಂತ ದೊಡ್ಡ ಮಾತು, ಮೋಟರ್ ನಳದ ಪೈಪಿನಾಗಿನ ಒತ್ತಡ ಇಳಸತೈತಿ. ಓಣಿ ಪೈಪಿನಾಗ ಎಲ್ಲೆರೆ ಸೀಳಿದ್ರ, ಅದರ ಬಾಜೂ ಗಟಾರ ಇದ್ರ, ಆ ಹೊಲಸು ಒಳಗ ಬರತೈತಿ. ಆ ನೀರು ನಿಮ್ಮ ಮನಿಗೂ ಬರತೈತಿ, ಮುಂದಿನ ಮನಿ ಕೂಸಿನ ಬಾಯಿಗೂ ಹೋಗತೈತಿ. ನಳದಿಂದ ಸಂಪಿಗೆ, ಸಂಪಿನಿಂದ ಮೋಟರಿಗೆ. ಸಂಪಿಗೆ ಫ್ಲೋಟ್ ಸ್ವಿಚ್ ಒಂದು ಹಾಕಸ್ರಿ, ನೀರು ಕಡಿಮಿ ಆದಾಗ ಮೋಟರ್ ತಾನ ನಿಲ್ಲತೈತಿ, ಸೀಲ್ ಉಳೀತೈತಿ. ತಗದ ಹಳೇ ಓ-ರಿಂಗ್ ಒಗೀಬ್ಯಾಡ್ರಿ, ಅದರ ಅಳತಿಗೆ ಇನ್ನೊಂದು ತಂದು ಮೋಟರಿನ ಹತ್ರ ಮೊಳಿಗೆ ತೂಗಹಾಕಿಡ್ರಿ.